ಓಡತೊಡಗಿದವರ ಕಾಲುನೋವು

ಶಿರಸಿ ತಾಲೂಕಿನ ಹೆಗಡೆಕಟ್ಟಾದಿಂದ ನಮ್ಮ ಓದುಗ ಸೋದರಿಯೊಬ್ಬರು ಬರೆದಿದ್ದಾರೆ. ವಯಸ್ಸು ನಲವತ್ತೊಂದು. ರಕ್ತಪರೀಕ್ಷೆ ಮಾಡಿಸಿದಾಗ ಸಕ್ಕರೆ ಗಡಿಯಲ್ಲಿದೆ ಎಂದು ತಿಳಿಯಿತಂತೆ. ಮೈ ಬೆವರುವಂತೆ ನಡೆಯಿರಿ, ಆದೀತಾದರೆ ಸ್ವಲ್ಪ ಓಡಿ ಎಂದರಂತೆ ವೈದ್ಯರು. ಮಗಳು ಪೊಲೀಸ್ ನೇಮಕಾತಿಗೆಂದು ಬೆಳಿಗ್ಗೆ ಓಡುವ ಅಭ್ಯಾಸ ಮಾಡುತ್ತಿದ್ದಾಳೆ. ಸರಿ, ಇವರೂ ಅವಳ ಜೊತೆ ಹೊರಟರು. ಮೊದಲ ದಿನ ಉತ್ಸಾಹ. ಎರಡನೆಯ ದಿನ ತೊಡೆ ಬಿಗಿತ. ಮೂರನೆಯ ದಿನ ತೋಟಕ್ಕೆ ಇಳಿಯುವ ಮೆಟ್ಟಿಲ ಮೇಲೆ ಕಾಲಿಡಲಾಗದೆ ಗೋಡೆ ಹಿಡಿದು ನಿಂತರು. "ಎಂತಕ್ಕೆ ಬೇಕಾಗಿತ್ತೇ ತಂಗೀ ನಿಂಗೆ ಇದೆಲ್ಲ? ಮನೆ ಕೆಲಸ ಸಾಕಾಗ್ತಿಲ್ಯಾ?" ಎಂದರಂತೆ ಅತ್ತೆ. "ನಾನು ಮುಂದುವರಿಸಲೋ, ಬಿಡಲೋ? ಕಾಲಿಗೆ ಶಾಶ್ವತವಾಗಿ ಏನಾದರೂ ಆದರೆ ಮನೆ ನೋಡುವವರು ಯಾರು?" ಎಂಬುದು ಅವರ ಪ್ರಶ್ನೆ.

ಮೊದಲಿಗೆ ಸಮಾಧಾನದ ಮಾತು. ಎರಡೂ ತೊಡೆಗಳಲ್ಲಿ, ಎರಡೂ ಮೀನಖಂಡಗಳಲ್ಲಿ ಒಂದೇ ತೆರನಾಗಿ ಬಂದ ಇಂಥ ನೋವು ರೋಗವಲ್ಲ. ಮೈಗೆ ರೂಢಿಯಿಲ್ಲದ ಕೆಲಸ ಮಾಡಿಸಿದಾಗ ಅದು ಸಲ್ಲಿಸುವ ತಕರಾರು, ಅಷ್ಟೇ. ಸಾಮಾನ್ಯವಾಗಿ ಮರುದಿನ ಶುರುವಾಗಿ, ಎರಡನೆಯ ಮೂರನೆಯ ದಿನಕ್ಕೆ ಜೋರಾಗಿ, ಐದಾರು ದಿನದಲ್ಲಿ ತಾನಾಗಿ ಇಳಿಯುತ್ತದೆ.

"ಮೈಯಲ್ಲಿ ಆಮ್ಲ ಸೇರಿಕೊಂಡಿದೆ, ಅದಕ್ಕೇ ನೋವು" ಎಂದು ಹೇಳುವವರುಂಟು. ಇದು ಹಳೆಯ ನಂಬಿಕೆ. ಓಡುವಾಗ ಸ್ನಾಯುಗಳಲ್ಲಿ ಹೆಚ್ಚುವ ಲ್ಯಾಕ್ಟೇಟ್ ಓಟ ನಿಂತ ಸುಮಾರು ಒಂದು ತಾಸಿನಲ್ಲಿ ಮೊದಲಿನ ಮಟ್ಟಕ್ಕೆ ಬರುತ್ತದೆ. ಮೂರನೆಯ ದಿನದ ನೋವಿಗೆ ಅದು ಕಾರಣವಾಗುವುದು ಹೇಗೆ? ದಣಿದ ಸ್ನಾಯುವಿನ ಎಳೆಗಳಲ್ಲಿ ಬಲು ಸೂಕ್ಷ್ಮವಾದ ಹರಿತಗಳಾಗುತ್ತವೆ ಎಂದು ಅಮೆರಿಕದ ಶರೀರಶಾಸ್ತ್ರಜ್ಞ ಥಿಯೊಡೋರ್ ಹಫ್ 1902ರಲ್ಲೇ ಸೂಚಿಸಿದ್ದರು. ಆ ಹರಿತವನ್ನು ದೇಹ ದುರಸ್ತಿ ಮಾಡುವಾಗ ಊತವೂ ನೋವೂ ಬರುತ್ತವೆ. ದುರಸ್ತಿಯಾದ ಸ್ನಾಯು ಅದೇ ಕೆಲಸವನ್ನು ಮುಂದಿನ ಸಲ ಹೆಚ್ಚು ಸುಲಭವಾಗಿ ತಡೆದುಕೊಳ್ಳುತ್ತದೆ. ಒಮ್ಮೆ ಹೀಗೆ ನೊಂದ ಕಾಲಿಗೆ ಮುಂದೆ ಕೆಲವು ವಾರ ಆ ರಕ್ಷಣೆ ಇರುತ್ತದೆ. ಆದ್ದರಿಂದ ನೋವು ಬಂತೆಂದು ಪೂರ್ತಿ ಬಿಟ್ಟು, ಎರಡು ತಿಂಗಳ ಮೇಲೆ ಮತ್ತೆ ಶುರುಮಾಡಿದರೆ ನಷ್ಟ ನಮಗೇ. ಮೊದಲ ನೋವನ್ನು ಮತ್ತೆ ಮೊದಲಿನಿಂದ ತಿನ್ನಬೇಕು.

ಮಲೆನಾಡಿನವರು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಗುಡ್ಡ ಹತ್ತಿದ್ದರಿಂದ ಕಾಲು ನೊಂದಿತು ಎಂದು ನಾವೆಲ್ಲ ಭಾವಿಸುತ್ತೇವೆ. ಹತ್ತುವಾಗ ಏದುಸಿರು ಬರುವುದು ನಿಜ. ಆದರೆ ಹೆಚ್ಚು ನೋಯಿಸುವುದು ಇಳಿಯುವುದು. ಇಳಿಜಾರಿನಲ್ಲಿ ಪ್ರತಿ ಹೆಜ್ಜೆಗೂ ತೊಡೆಯ ಸ್ನಾಯು ಹಿಗ್ಗುತ್ತಲೇ ಮೈಭಾರವನ್ನು ತಡೆಹಿಡಿಯಬೇಕು. ಬಾವಿಗೆ ಕೊಡ ಇಳಿಸುವಾಗ ಹಗ್ಗವನ್ನು ಬಿಗಿಹಿಡಿದು ಸ್ವಲ್ಪ ಸ್ವಲ್ಪವೇ ಬಿಡುತ್ತೇವಲ್ಲ, ಹಾಗೆ. 1983ರಲ್ಲಿ ಪ್ರಕಟವಾದ ಅಮೆರಿಕದ ಒಂದು ಪ್ರಯೋಗದಲ್ಲಿ ಸಮತಟ್ಟಿನಲ್ಲೂ ಇಳಿಜಾರಿನಲ್ಲೂ ಓಡಿಸಿ ನೋಡಿದರು. ಸಮತಟ್ಟಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಿತು, ನೋವು ಬರಲಿಲ್ಲ. ಇಳಿಜಾರಿನಲ್ಲಿ ಓಡಿದಾಗ ಲ್ಯಾಕ್ಟೇಟ್ ಏರಲಿಲ್ಲ, ನೋವು ಬಂತು. ಮನೆ ಮೇಲೆ, ತೋಟ ಕೆಳಗೆ, ರಸ್ತೆ ಏರಿಳಿತ ಎನ್ನುವ ನಮ್ಮ ಶಿರಸಿ, ಸಿದ್ದಾಪುರ, ಯಲ್ಲಾಪುರದ ಹಳ್ಳಿಗಳಲ್ಲಿ ಹೊಸದಾಗಿ ಓಡುವವರು ಮೊದಲ ತಿಂಗಳು ಶಾಲೆಯ ಮೈದಾನದಂಥ ಸಮತಟ್ಟು ಜಾಗ ನೋಡಿಕೊಳ್ಳಲಿ. ರಸ್ತೆಯೇ ಗತಿಯಾದರೆ ಇಳಿಜಾರು ಬಂದಲ್ಲಿ ಓಡದೆ ನಡೆಯಿರಿ.

ಇನ್ನು ಓಡುವ ಕ್ರಮ. ವಾರಕ್ಕೆ ಮೂರೇ ದಿನ, ನಡುವೆ ಒಂದೊಂದು ದಿನ ಬಿಡುವು. ಮೊದಲು ಐದು ನಿಮಿಷ ನಡೆದು ಮೈ ಬಿಸಿಮಾಡಿಕೊಳ್ಳಿ. ಬಳಿಕ ಒಂದು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ. ಹೀಗೆ ಆರು ಸಲ. ಕೊನೆಗೆ ಮತ್ತೆ ಐದು ನಿಮಿಷ ನಡಿಗೆ. ಓಡುತ್ತಲೇ ಪಕ್ಕದವರೊಡನೆ ಒಂದೆರಡು ಮಾತಾಡಲು ಆಗಬೇಕು. ಆಗದಿದ್ದರೆ ವೇಗ ಹೆಚ್ಚಾಯಿತೆಂದು ಅರ್ಥ. ಎರಡು ವಾರ ಹೀಗೆ ನಡೆದ ಮೇಲೆ ಓಟವನ್ನು ಎರಡು ನಿಮಿಷಕ್ಕೆ ಏರಿಸಬಹುದು. ಅವಸರ ಬೇಡ. ವಾರಕ್ಕೆ 150 ನಿಮಿಷದಷ್ಟು ಚುರುಕು ನಡಿಗೆ, ಇಲ್ಲವೇ 75 ನಿಮಿಷದಷ್ಟು ಓಟದಂಥ ಬಿರುಸಿನ ಚಟುವಟಿಕೆ ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರ ಸಲಹೆಯಲ್ಲಿ ಹೇಳಿದೆ. ಎರಡನ್ನೂ ಕಲಸಿ ಮಾಡಿದರೂ ಆದೀತು.

ಹವಾಯಿ ಚಪ್ಪಲಿಯಲ್ಲಿ ಓಡಬೇಡಿ. ಹಿಮ್ಮಡಿಗೆ ಮೆತ್ತೆಯಿರುವ, ಬೆರಳುಗಳಿಗೆ ಇಕ್ಕಟ್ಟಾಗದ ಬೂಟು ಬೇಕು. ಸೀರೆಗಿಂತ ಚೂಡಿದಾರ ಅನುಕೂಲ. ಎದೆಗೆ ಆಧಾರ ಕೊಡುವ ಒಳಉಡುಪೂ ಅಷ್ಟೇ ಮುಖ್ಯ. ಮಳೆಗಾಲದಲ್ಲಿ ಹಾವಸೆ ಕಟ್ಟಿದ ಅಂಗಳದಲ್ಲೋ ರಸ್ತೆಯಲ್ಲೋ ಓಡುವ ಸಾಹಸ ಖಂಡಿತ ಬೇಡ. ಆ ದಿನ ಜಗಲಿಯ ಮೇಲೆ ನಿಂತಲ್ಲೇ ಹೆಜ್ಜೆ ಹಾಕಿ, ಕುರ್ಚಿಯಿಂದ ಕೈ ಊರದೆ ಹತ್ತು ಸಲ ಎದ್ದು ಕೂತರೂ ತೊಡೆಗೆ ಒಳ್ಳೆಯ ವ್ಯಾಯಾಮವೇ.

ನೋವು ಬಂದಾಗ ಏನು ಮಾಡಬೇಕು? ಹಾಸಿಗೆ ಹಿಡಿಯಬೇಡಿ. ಮೆಲ್ಲಗೆ ನಡೆದಾಡಿದಷ್ಟೂ ಬಿಗಿತ ಸಡಿಲುತ್ತದೆ. ಹಂಡೆಯ ಬಿಸಿನೀರಿನ ಸ್ನಾನ ಹಿತವಾಗುತ್ತದೆ. ತೆಂಗಿನೆಣ್ಣೆ ಹಚ್ಚಿ ಮೆಲ್ಲಗೆ ತಿಕ್ಕಿಸಿಕೊಂಡರೆ ಸ್ವಲ್ಪ ಉಪಶಮನ ಸಿಕ್ಕೀತು, ಗಟ್ಟಿಯಾಗಿ ಅಮುಕಿಸಿಕೊಳ್ಳಬೇಡಿ. ಕೈಕಾಲು ಚಾಚುವ ವ್ಯಾಯಾಮದಿಂದ ಈ ನೋವು ಬರದಂತೆ ತಡೆಯಬಹುದೆಂದು ಬಹಳ ಜನ ನಂಬಿದ್ದಾರೆ. ಹಲವು ಪ್ರಯೋಗಗಳನ್ನು ಒಟ್ಟಿಗೆ ತೂಗಿ ನೋಡಿದಾಗ, 100 ಅಂಕಗಳ ಅಳತೆಯಲ್ಲಿ ಸುಮಾರು 1 ಅಂಕದಷ್ಟು ಮಾತ್ರ ನೋವು ಕಡಿಮೆಯಾಗಿತ್ತು. ಇಷ್ಟವಿದ್ದವರು ಮಾಡಿ, ಮಾಡದಿದ್ದರೂ ಚಿಂತೆಯಿಲ್ಲ.

ನೋವಿನ ಮಾತ್ರೆಯ ವಿಚಾರದಲ್ಲಿ ಎಚ್ಚರ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಮುಂತಾದವನ್ನು ಅಂಗಡಿಯಿಂದ ತಂದು ಖಾಲಿ ಹೊಟ್ಟೆಯಲ್ಲಿ ನುಂಗುವ ಅಭ್ಯಾಸ ನಮ್ಮಲ್ಲಿ ಬಹಳ. ಹೊಟ್ಟೆಯಲ್ಲಿ ಹುಣ್ಣಾಗಬಹುದು, ಬೆವರಿ ನೀರು ಕಡಿಮೆಯಾದ ಮೈಗೆ, ರಕ್ತದೊತ್ತಡ ಇದ್ದವರಿಗೆ, ಮೂತ್ರಪಿಂಡಕ್ಕೆ ಅಪಾಯ. "ಒಂದು ಮಾತ್ರೆ ತಗೊಂಡು ಇವತ್ತೂ ಓಡಿಬಿಡ್ತೇನೆ" ಎನ್ನುವುದು ಸಲ್ಲದು. ಓಡಲಾಗದಷ್ಟು ನೋವಿದ್ದರೆ ಅಂದು ನಡೆಯಿರಿ, ಸಾಕು.

ಎಲ್ಲ ನೋವೂ ಒಂದೇ ಅಲ್ಲ ಎನ್ನುವುದನ್ನು ಮಾತ್ರ ಮರೆಯಬಾರದು. ಈ ಕೆಳಗಿನವುಗಳಲ್ಲಿ ಯಾವುದೇ ಒಂದು ಕಂಡರೂ ತಡಮಾಡದೆ ವೈದ್ಯರಲ್ಲಿಗೆ ಹೋಗಿ:

• ಓಡುತ್ತಿರುವಾಗಲೇ ಚಟಕ್ಕನೆ ಹಿಡಿದುಕೊಂಡು ಕಾಲೂರಲಾಗದಂತೆ ಆದರೆ.
• ಕಣಕಾಲಿನ ಮೂಳೆಯ ಮೇಲೆ ಒಂದೇ ಜಾಗದಲ್ಲಿ, ಬೆರಳಿಟ್ಟರೆ ಜೀವ ಹೋಗುವಂತೆ ನೋಯುತ್ತಿದ್ದರೆ. ಮೂಳೆಯಲ್ಲಿ ಕೂದಲೆಳೆಯ ಬಿರುಕು ಇರಬಹುದು.
• ಒಂದೇ ಮೀನಖಂಡ ಊದಿ, ಬಿಸಿಯಾಗಿ, ಕೆಂಪಾದರೆ. ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರುವ ಸೂಚನೆ ಇದ್ದೀತು.
• ವಿಪರೀತ ನೋವಿನ ಜೊತೆ ಮೂತ್ರ ಕರೀ ಚಹಾದ ಬಣ್ಣಕ್ಕೆ ತಿರುಗಿದರೆ. ಇದು ಅದೇ ದಿನ ಆಸ್ಪತ್ರೆಗೆ ಹೋಗಬೇಕಾದ ವಿಷಯ.
• ಎದೆ ಬಿಗಿತ, ತಲೆಸುತ್ತು, ಎಡತೋಳಿಗೋ ದವಡೆಗೋ ಹರಿಯುವ ನೋವು ಬಂದರೆ.

ಒಂದೆರಡು ವಾರ ಕಳೆದರೂ ಇಳಿಯದ ಮೈಕೈ ನೋವಿಗೆ ಓಟವನ್ನೇ ದೂರಬೇಡಿ. ಥೈರಾಯ್ಡ್ ತೊಂದರೆ, ಡಿ ಜೀವಸತ್ವದ ಕೊರತೆ, ಕೊಲೆಸ್ಟರಾಲ್ ಇಳಿಸುವ ಕೆಲವು ಮಾತ್ರೆಗಳೂ ಕಾರಣವಿರಬಹುದು. ಸುಸ್ತು ಬಹಳವಿದ್ದರೆ ರಕ್ತದ ಹಿಮೋಗ್ಲೋಬಿನ್ ನೋಡಿಸಿ. ಗರ್ಭಿಣಿಯರಲ್ಲದ ಹೆಂಗಸರಲ್ಲಿ 12 ಗ್ರಾಂಗಿಂತ ಕಡಿಮೆಯಿದ್ದರೆ ಅದು ರಕ್ತಹೀನತೆ. ಸಕ್ಕರೆ ಕಾಯಿಲೆಗೆ ಔಷಧ ತೆಗೆದುಕೊಳ್ಳುತ್ತಿರುವವರು ವೈದ್ಯರನ್ನು ಕೇಳದೆ ಬರಿಹೊಟ್ಟೆಯಲ್ಲಿ ಓಡಬಾರದು.

ಊಟದ ಮಾತು. ಹರಿದ ಎಳೆ ಕೂಡಿಕೊಳ್ಳಲು ಸಸಾರಜನಕ ಬೇಕು. ಬೆಳಿಗ್ಗೆ ಬರೀ ಚಹಾ ಕುಡಿದು, ಎಲ್ಲರ ಊಟ ಮುಗಿದ ಮೇಲೆ ಉಳಿದ ಅನ್ನಕ್ಕೆ ತಿಳಿಸಾರು ಕಲಸಿ ಉಣ್ಣುವವರಿಗೆ ಅದು ಸಿಗುವುದೆಲ್ಲಿಂದ? ಮೊಳಕೆ ಬರಿಸಿದ ಹೆಸರುಕಾಳಿಗೆ ಕಾಯಿತುರಿ, ಲಿಂಬೆರಸ, ಉಪ್ಪು ಬೆರೆಸಿ, ಸಾಸಿವೆಯ ಒಗ್ಗರಣೆ ಕೊಟ್ಟರೆ ಕೋಸಂಬರಿ ಸಿದ್ಧ. ಅದರ ಒಂದು ಬಟ್ಟಲನ್ನು ನಿಮಗೆಂದು ಮೊದಲೇ ತೆಗೆದಿಡಿ. ಒಂದೆಲಗದ ತಂಬುಳಿಗೆ ಗಟ್ಟಿ ಮಜ್ಜಿಗೆ ಹಾಕಿ. ಓಡಿ ಬಂದ ಮೇಲೆ ಉಪ್ಪು ಹಾಕಿದ ನೀರುಮಜ್ಜಿಗೆ ಕುಡಿಯಿರಿ. ಸಕ್ಕರೆ ಗಡಿಯಲ್ಲಿರುವವರಿಗೆ ಬೆಲ್ಲದ ಪಾನಕ ಬೇಡ.

ಮಗಳಿಗೂ ಒಂದು ಮಾತು. ಈಚಿನ ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಗಳಲ್ಲಿ ಹೆಣ್ಣುಮಕ್ಕಳು 400 ಮೀಟರನ್ನು 2 ನಿಮಿಷದೊಳಗೆ ಓಡಬೇಕೆಂಬ ನಿಯಮವಿತ್ತು. ಆ ವರ್ಷದ ಪ್ರಕಟಣೆಯನ್ನು ಓದಿ ಖಚಿತಪಡಿಸಿಕೊಳ್ಳಲಿ. ದಿನವೂ ಜೀವ ಬಿಟ್ಟು ಓಡುವುದು ತಯಾರಿಯಲ್ಲ. ವಾರಕ್ಕೊಂದು ದಿನ ಮಾತ್ರ ಪೂರ್ತಿ ವೇಗ ಇಟ್ಟುಕೊಂಡು, ಉಳಿದ ದಿನ ನಿಧಾನವಾಗಿ ಓಡಲಿ. ಪರೀಕ್ಷೆಗೆ ಮುಂಚಿನ ಮೂರು ದಿನ ಹೊಸ ಕಸರತ್ತು ಯಾವುದೂ ಬೇಡ. ಬೇನೆ ಸರಿಯಾಗಿ ಪರೀಕ್ಷೆಯ ದಿನಕ್ಕೇ ಬಂದು ಕೂತೀತು!

ಇನ್ನು ಅತ್ತೆಯವರ ಮಾತು. ಹೆಂಗಸರ ಮೈಗೆ ಓಟ ತಡೆಯದು ಎಂಬುದು ನಮ್ಮ ಜಗಲಿಗಳಲ್ಲಿ ಹುಟ್ಟಿದ ಮಾತೇನಲ್ಲ. 1928ರ ಆಮ್‌ಸ್ಟರ್‌ಡ್ಯಾಮ್ ಒಲಿಂಪಿಕ್ಸ್‌ನಲ್ಲಿ ಹೆಂಗಸರು 800 ಮೀಟರ್ ಓಡಿ ದಣಿದದ್ದನ್ನೇ ದೊಡ್ಡದು ಮಾಡಿ, 1960ರವರೆಗೆ ಆ ಓಟವನ್ನೇ ಅವರಿಗೆ ಇಡಲಿಲ್ಲ. ಒಲಿಂಪಿಕ್ಸ್‌ನಲ್ಲಿ ಮಹಿಳೆಯರ ಮ್ಯಾರಥಾನ್ ಬಂದದ್ದು 1984ರಲ್ಲಿ. ನಮ್ಮ ಜಿಲ್ಲೆಯಲ್ಲೇ ನೋಡಿ, ಯಲ್ಲಾಪುರದ ಕಡೆಯ ಸಿದ್ದಿ ಸಮುದಾಯದ ಮಕ್ಕಳನ್ನು ಭಾರತ ಕ್ರೀಡಾ ಪ್ರಾಧಿಕಾರ 1980ರ ದಶಕದಲ್ಲಿ ಓಟದ ತರಬೇತಿಗೆ ಆರಿಸಿಕೊಂಡಿತ್ತು.

ಅಡಿಕೆ ಕೊಯ್ಲಿನ ದಿನಗಳಲ್ಲಿ ರಾತ್ರಿಯವರೆಗೆ ಮೆಟ್ಟುಗತ್ತಿಯ ಮುಂದೆ ಕೂತು ಸುಲಿದಾಗ ಸೊಂಟ ನೊಂದರೆ ಯಾರೂ ಪ್ರಶ್ನಿಸುವುದಿಲ್ಲ. ಅದು ಮನೆಗಾಗಿ ಪಟ್ಟ ನೋವು. ತನ್ನ ಆರೋಗ್ಯಕ್ಕೆಂದು ಅರ್ಧ ತಾಸು ಓಡಿ ಕಾಲು ನೊಂದರೆ ಅದು ಮಾತ್ರ ಚಟವಾಗಿ ಕಾಣುತ್ತದೆ. ಅತ್ತೆಯವರಲ್ಲಿ ಜಗಳ ಬೇಡ. "ಅತ್ತೇ, ಸಕ್ಕರೆ ಏರಿ ಮುಂದೆ ಕಣ್ಣಿಗೋ ಕಾಲಿಗೋ ಬಂದರೆ ಆಗ ಮನೆ ನೋಡುವವರು ಯಾರು?" ಎಂದು, ನೀವು ನನ್ನನ್ನು ಕೇಳಿದ ಪ್ರಶ್ನೆಯನ್ನೇ ಮೆಲ್ಲಗೆ ಅವರ ಮುಂದಿಡಿ. ಅವರನ್ನೂ ಸಂಜೆ ಅಂಗಳದಲ್ಲಿ ನಾಲ್ಕು ಸುತ್ತು ನಡೆಸಿ.

ಆದ್ದರಿಂದ ಉತ್ತರ ಇಷ್ಟು: ಬಿಡಬೇಡಿ. ಈ ವಾರ ನಡೆಯಿರಿ. ಮೆಟ್ಟಿಲು ಇಳಿಯುವುದು ಸುಲಭವಾದ ಮೇಲೆ ಒಂದು ನಿಮಿಷದ ಓಟದಿಂದ ಮತ್ತೆ ಶುರುಮಾಡಿ. ಮೂರು ತಿಂಗಳ ಬಳಿಕ ರಕ್ತಪರೀಕ್ಷೆ ಮಾಡಿಸಿ, ಸಕ್ಕರೆ ಎಲ್ಲಿಗೆ ಬಂತೆಂದು ನಮಗೊಂದು ಕಾಗದ ಬರೆಯಿರಿ.