ಬಿಳಿ ಪೆಟ್ಟಿಗೆಯ ಭಕ್ತರಿಗೆ ಒಂದು ತಕರಾರು

ಕರಕುಶಲಕರ್ಮಿಗಳಿಗೆ ‘ಆನ್‌ಲೈನ್ ಮಾರಾಟ’ ಕಲಿಸುವ ತರಬೇತಿಗಳಲ್ಲಿ ಫೋಟೋ ಪಾಠಕ್ಕೆ ಸಿಗುವುದು ಊಟದ ನಂತರದ ತೂಕಡಿಕೆಯ ಹೊತ್ತು. ಸಂಪನ್ಮೂಲ ವ್ಯಕ್ತಿ ಮಡಚುವ ಬಿಳಿ ಪೆಟ್ಟಿಗೆಯೊಂದನ್ನು ಬಿಡಿಸುತ್ತಾರೆ, ಒಳಗಿನ ಎಲ್‌ಇಡಿ ಪಟ್ಟಿ ಹೊತ್ತಿಸುತ್ತಾರೆ, ಎದುರಿಗೆ ಕೂತವರ ಕೈಯಿಂದ ಒಂದು ಗೊಂಬೆ ತೆಗೆದುಕೊಂಡು ಒಳಗಿಟ್ಟು ಕ್ಲಿಕ್ಕಿಸುತ್ತಾರೆ. “ನೋಡಿ, ಎಷ್ಟು ಪ್ರೊಫೆಷನಲ್ ಆಗಿ ಬಂತು!” ಚಪ್ಪಾಳೆ. “ಅಮ್ಮಾ, ನಿಮ್ಮ ಮನೆ ಬೆಳಕಲ್ಲಿ ಹೀಗೆ ಬರಲ್ಲ, ಇಂಥದ್ದೊಂದು ತಗೊಳ್ಳಿ” ಎಂಬ ಸಲಹೆ. ಆಮೇಲೆ ಗುಂಪು ಫೋಟೋ, ಪ್ರಮಾಣಪತ್ರ. ಆರು ತಿಂಗಳಾದ ಮೇಲೆ ಹೋಗಿ ನೋಡಿದರೆ ಪೆಟ್ಟಿಗೆ ಅಟ್ಟದ ಮೇಲಿರುತ್ತದೆ.

ಪೆಟ್ಟಿಗೆ ಅಟ್ಟ ಸೇರಿದ್ದಕ್ಕೆ ನನಗೆ ಬೇಜಾರಿಲ್ಲ. ಅಲ್ಲಿಯೇ ಇರಲಿ. ನನ್ನ ತಕರಾರು ಆ ಸಲಹೆಯ ಮೇಲೆ. ನಾಲ್ಕೂ ಕಡೆಯಿಂದ ಸಮನಾಗಿ ಬೆಳಕು ಸುರಿಯುವ ಬಿಳಿ ಪೆಟ್ಟಿಗೆ ಕೈಯಿಂದ ಮಾಡಿದ ವಸ್ತುವನ್ನು ಅಚ್ಚಿನಲ್ಲಿ ಒತ್ತಿದ ವಸ್ತುವಿನಂತೆ ಕಾಣಿಸುತ್ತದೆ. ಹಾಗೆ ಕಂಡದ್ದಕ್ಕೆ ಅಚ್ಚಿನ ಮಾಲಿನ ಬೆಲೆಯನ್ನೇ ಕೇಳುತ್ತಾರೆ. ನಷ್ಟ ಸಂಪನ್ಮೂಲ ವ್ಯಕ್ತಿಗಲ್ಲ.

ಚನ್ನಪಟ್ಟಣದ ಗೊಂಬೆಯನ್ನೇ ತೆಗೆದುಕೊಳ್ಳಿ. ಹಾಲೆ ಮರದ ತುಂಡು ಲೇತಿನ ಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಬಿಸಿಗೆ ಅರಗು ಕರಗಿ ಮರಕ್ಕೆ ಹತ್ತುತ್ತದೆ, ಆಮೇಲೆ ಗರಿಯಿಂದ ಉಜ್ಜಿ ಹೊಳಪು ತರುತ್ತಾರೆ. ಆ ಹೊಳಪು ಪ್ಲಾಸ್ಟಿಕ್ಕಿನದಲ್ಲ. ಅದರ ಅಡಿಯಲ್ಲಿ ಮರ ಇದೆ, ಸುತ್ತಲೂ ಉಳಿ ಓಡಿದ ಸೂಕ್ಷ್ಮ ಗೆರೆ ಇದೆ. ಗೊಂಬೆಯ ದುಂಡು ಹೊಟ್ಟೆ ಒಂದು ಉಬ್ಬುಗನ್ನಡಿ ಇದ್ದಂತೆ, ಎದುರಿಗೆ ಏನಿದೆಯೋ ಅದನ್ನು ತೋರಿಸುತ್ತದೆ. ಅಗ್ಗದ ಲೈಟ್‌ಬಾಕ್ಸಿನೊಳಗೆ ಅದರ ಎದುರಿಗಿರುವುದು ಎಲ್‌ಇಡಿ ಚುಕ್ಕೆಗಳ ಸಾಲು. ಫೋಟೋದಲ್ಲಿ ಗೊಂಬೆಯ ಮೈಮೇಲೆ ಬಿಳಿ ಚುಕ್ಕೆಗಳ ಸರ ಬಂದು ಕೂರುತ್ತದೆ, ನೆರಳು ಸತ್ತುಹೋಗಿ ದುಂಡಗಿನದು ಚಪ್ಪಟೆಯಾಗುತ್ತದೆ. ಅದೇ ಗೊಂಬೆಯನ್ನು ಕಿಟಕಿಯ ಪಕ್ಕ ಇಟ್ಟರೆ ಒಂದೇ ಒಂದು ಉದ್ದನೆಯ ಮೆದು ಹೊಳಪು ಬೀಳುತ್ತದೆ, ಇನ್ನೊಂದು ಕಡೆ ನೆರಳು ನಿಧಾನವಾಗಿ ಇಳಿಯುತ್ತದೆ. ದುಂಡು ಎಂದು ಕಣ್ಣಿಗೆ ಗೊತ್ತಾಗುವುದು ಆ ನೆರಳಿನಿಂದಲೇ.

ಕಿಟಕಿ ಬಡವರ ಸ್ಟುಡಿಯೋ ಎಂದು ಮೂಗು ಮುರಿಯುವವರಿಗೆ ಬೆಳಕಿನ ಮೊದಲ ಪಾಠ ನೆನಪಿಸಬೇಕು. ಬೆಳಕು ಮೆದುವಾಗುವುದು ಬಲ್ಬಿನ ಬೆಲೆಯಿಂದಲ್ಲ, ವಸ್ತುವಿಗೆ ಹೋಲಿಸಿದರೆ ಬೆಳಕು ಬರುವ ಜಾಗ ಎಷ್ಟು ಅಗಲ ಎಂಬುದರಿಂದ. ಸೂರ್ಯ ಎಷ್ಟೇ ದೊಡ್ಡವನಾದರೂ ದೂರದಲ್ಲಿದ್ದಾನೆ, ನಮ್ಮ ಕಣ್ಣಿಗೆ ಸಣ್ಣ ಬಿಲ್ಲೆ. ಅದಕ್ಕೇ ಬಿಸಿಲಿನ ನೆರಳು ಚಾಕುವಿನಷ್ಟು ಚೂಪು. ಮೋಡ ಕವಿದರೆ ಇಡೀ ಆಕಾಶವೇ ದೀಪ, ನೆರಳು ಕರಗುತ್ತದೆ. ಕಾರಿನ ಫೋಟೋ ತೆಗೆಯುವವರಿಗೆ ಕೋಣೆಯಷ್ಟು ಅಗಲದ ದೀಪ ಬೇಕು ನಿಜ. ಮೂರು ಇಂಚಿನ ಬುಗುರಿಗೆ ಎರಡು ಅಡಿಯ ಕಿಟಕಿಯೇ ಆಕಾಶ. ಅಂದರೆ ಸಣ್ಣ ವಸ್ತು ಮಾಡುವವರಿಗೆ ಈ ವಿಷಯದಲ್ಲಿ ದೊಡ್ಡ ಅನುಕೂಲ ಇದೆ. ಅವರನ್ನೇ ಹಿಡಿದು ‘ನಿಮ್ಮಲ್ಲಿ ಬೆಳಕಿಲ್ಲ’ ಎನ್ನುವುದು ಅಂಗೈಯಲ್ಲಿ ಬೆಣ್ಣೆ ಇಟ್ಟುಕೊಂಡವರನ್ನು ತುಪ್ಪಕ್ಕೆ ಅಲೆಸಿದ ಹಾಗೆ.

ಬೇಕಾದದ್ದು ಇಷ್ಟು. ಬಿಸಿಲು ನೇರ ಬೀಳದ ಕಿಟಕಿ ಅಥವಾ ಬಾಗಿಲು. ಅಂಗಡಿಯಲ್ಲಿ ಸಿಗುವ ಬಿಳಿ ಡ್ರಾಯಿಂಗ್ ಶೀಟು. ಅದನ್ನು ಮಡಚದೆ, ಹಿಂದೆ ಗೋಡೆಗೆ ಒರಗಿಸಿ ಮುಂದಕ್ಕೆ ಬಳುಕಿಸಿದರೆ ನೆಲ-ಗೋಡೆ ಸೇರುವ ಗೆರೆ ಮಾಯ. ಕಿಟಕಿಯ ಎದುರು ಬದಿಗೆ ಥರ್ಮೋಕೋಲ್ ತುಂಡು. ಟಿವಿ, ಮಿಕ್ಸಿಯ ಡಬ್ಬದಲ್ಲಿ ಬಂದದ್ದೇ ಸಾಕು. ಅದನ್ನು ಹತ್ತಿರ ತಂದಷ್ಟೂ ನೆರಳು ತಿಳಿಯಾಗುತ್ತದೆ, ದೂರ ಸರಿಸಿದಷ್ಟೂ ಗಾಢವಾಗುತ್ತದೆ. ಈ ಒಂದು ಹಿಡಿತ ರೆಡಿಮೇಡ್ ಪೆಟ್ಟಿಗೆಯಲ್ಲಿ ಇಲ್ಲವೇ ಇಲ್ಲ. ಬಿಸಿಲು ಬಿದ್ದರೆ ಕಿಟಕಿಗೆ ಬಟರ್ ಪೇಪರ್ ಅಥವಾ ಒಗೆದ ಬಿಳಿ ಪಂಚೆ. ಒಳಗಿನ ಟ್ಯೂಬ್‌ಲೈಟ್ ಆರಿಸಬೇಕು, ಎರಡು ಬಗೆಯ ಬೆಳಕು ಬೆರೆತರೆ ವಸ್ತುವಿನ ಒಂದು ಮಗ್ಗುಲು ನೀಲಿ, ಇನ್ನೊಂದು ಹಳದಿ.

‘ಉತ್ತರದ ಕಿಟಕಿಗೆ ಎಂದೂ ಬಿಸಿಲು ಬೀಳದು’ ಎಂಬ ಮಾತನ್ನೂ ತರಬೇತಿಗಳಲ್ಲಿ ಕೇಳಿದ್ದೇನೆ. ಅದು ಯುರೋಪಿನ ಪುಸ್ತಕದ ಮಾತು. ಚನ್ನಪಟ್ಟಣದಲ್ಲಿ ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ನಡು ಮಧ್ಯಾಹ್ನದ ಸೂರ್ಯನೂ ಉತ್ತರಕ್ಕೇ ವಾಲಿರುತ್ತಾನೆ. ಮನೆಯವರಿಗೆ ಯಾವ ತಿಂಗಳು ಯಾವ ಕಿಟಕಿಗೆ ಬಿಸಿಲು ಎಂಬುದು ಹಪ್ಪಳ ಒಣಗಿಸುವ ಲೆಕ್ಕದಲ್ಲೇ ಗೊತ್ತಿರುತ್ತದೆ. ಅವರನ್ನು ಕೇಳಿದರೆ ಸಾಕಿತ್ತು.

ರಾತ್ರಿ ಕೆಲಸ ಮುಗಿಸಿ ಫೋಟೋ ತೆಗೆಯುವವರೂ ಇದ್ದಾರೆ. ಅವರಿಗೆ ರಟ್ಟಿನ ಡಬ್ಬ: ಎರಡು ಮಗ್ಗುಲು, ಮೇಲ್ಭಾಗ ಕತ್ತರಿಸಿ ಬಟರ್ ಪೇಪರ್ ಅಂಟಿಸುವುದು, ಒಂದೇ ಮಗ್ಗುಲಿನಿಂದ 9 ವಾಟ್‌ನ ಎಲ್‌ಇಡಿ ಬಲ್ಬು. ಬಲ್ಬು ಹತ್ತಿರ ಇರಲಿ. ಒಂದು ಅಡಿಯಲ್ಲಿದ್ದ ವಸ್ತುವನ್ನು ಎರಡು ಅಡಿಗೆ ಸರಿಸಿದರೆ ಬೆಳಕು ಹೆಚ್ಚುಕಡಿಮೆ ಕಾಲು ಭಾಗಕ್ಕೆ ಇಳಿಯುತ್ತದೆ. ಬಲ್ಬು ಕೊಳ್ಳುವಾಗ ಡಬ್ಬದ ಮೇಲೆ ಸಿಆರ್‌ಐ ಎಂಬ ಅಂಕಿ ನೋಡಬೇಕು, 100ಕ್ಕೆ ಹತ್ತಿರವಾದಷ್ಟೂ ಬಣ್ಣ ನಿಜಕ್ಕೆ ಹತ್ತಿರ. ಸಾಧಾರಣ ಬಲ್ಬು 80ರ ಆಸುಪಾಸು, 90 ದಾಟಿದ್ದು ಸಿಕ್ಕರೆ ಬಿಡಬಾರದು. ಕಳಪೆ ಎಲ್‌ಇಡಿಯಲ್ಲಿ ಮೊದಲು ಸೊರಗುವುದು ಕೆಂಪು. ಅರಗಿನ ಗೊಂಬೆಯಲ್ಲೂ ಲಂಬಾಣಿ ಕಸೂತಿಯಲ್ಲೂ ಜೀವ ಇರುವುದು ಯಾವ ಬಣ್ಣದಲ್ಲಿ ಎಂದು ಹೇಳಬೇಕೇ? ಗಿರಾಕಿ ‘ಫೋಟೋದಲ್ಲಿದ್ದ ಬಣ್ಣ ಬೇರೆ’ ಎಂದು ವಾಪಸು ಕಳಿಸಿದಾಗ ಕೊರಿಯರ್ ಖರ್ಚು ಮಾಡಿದವರ ತಲೆಗೇ ಬರುತ್ತದೆ.

ಬಿಳಿ ಪೆಟ್ಟಿಗೆಯ ಅವಿವೇಕ ಪೂರ್ತಿ ಬಯಲಾಗುವುದು ಬೀದರಿನಲ್ಲಿ. ಬಿದ್ರಿ ಎಂದರೆ ಸತು, ತಾಮ್ರದ ಮಿಶ್ರಲೋಹದ ಮೇಲೆ ಬೆಳ್ಳಿಯ ಕೂರಣೆ. ಬೀದರ್ ಕೋಟೆಯ ಮಣ್ಣನ್ನು ನವಸಾಗರದ ಜೊತೆ ಕಲಸಿದ ದ್ರಾವಣದಲ್ಲಿ ಅದ್ದಿದಾಗ ಲೋಹ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೇ ಉಳಿಯುತ್ತದೆ. ಆ ಕಲೆಯ ಪ್ರಾಣವೇ ಆ ಕಪ್ಪು. ಅದನ್ನು ಒಯ್ದು ಸುತ್ತಲೂ ಬಿಳಿ ಇರುವ ಪೆಟ್ಟಿಗೆಯಲ್ಲಿ ಇಟ್ಟರೆ ಎಲ್ಲ ದಿಕ್ಕಿನ ಬೆಳಕೂ ಮೈಮೇಲೆ ತೆಳುವಾಗಿ ಹರಡಿ ಕಪ್ಪು ಬೂದಿಯಾಗುತ್ತದೆ. ಬೆಳ್ಳಿಗೂ ಲೋಹಕ್ಕೂ ಇರುವ ಅಂತರ ಕುಗ್ಗಿ, ತಿಂಗಳುಗಟ್ಟಲೆ ಕೆತ್ತಿದ ಬಳ್ಳಿ ಸ್ಟಿಕ್ಕರ್ ಅಂಟಿಸಿದಂತೆ ಕಾಣುತ್ತದೆ. ಇದಕ್ಕೆ ಬೇಕಾದದ್ದು ಕಪ್ಪು ಬಟ್ಟೆ, ಒಂದೇ ಒಂದು ಬಿಳಿ ಹಾಳೆ. ಬೆಳ್ಳಿ ಕನ್ನಡಿಯ ಹಾಗೆ, ಬಿಳಿ ಹಾಳೆಯನ್ನು ನೋಡುವಂತೆ ಹೂಜಿಯನ್ನು ಅಷ್ಟಷ್ಟೇ ತಿರುಗಿಸುತ್ತ ಹೋದರೆ ಒಂದು ಕೋನದಲ್ಲಿ ಬಳ್ಳಿ ಪೂರ್ತಿ ಹೊತ್ತಿಕೊಳ್ಳುತ್ತದೆ, ಕಪ್ಪು ಕಪ್ಪಾಗಿಯೇ ಇರುತ್ತದೆ. ಕಪ್ಪು ಕಂಡ ಮೊಬೈಲು ‘ಕತ್ತಲಾಗಿದೆ’ ಎಂದು ತಾನೇ ಬೆಳಕು ಏರಿಸಲು ಹೋಗುತ್ತದೆ. ತೆರೆಯನ್ನು ಬೆರಳಿನಿಂದ ಒತ್ತಿ ಹಿಡಿದು ಸೂರ್ಯನ ಗುರುತನ್ನು ಕೆಳಗೆಳೆದರೆ ಮುಗಿಯಿತು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು ಬರುತ್ತದೆ: ‘ಅಮೆಜಾನ್‌ಗೆ ಬಿಳಿ ಹಿನ್ನೆಲೆ ಬೇಕಲ್ಲ?’ ಬೇಕು, ಅದು ಅವರ ನಿಯಮ. ಆದರೆ ಆ ನಿಯಮ ಮುಖ್ಯ ಚಿತ್ರಕ್ಕೆ ಮಾತ್ರ, ಹಿನ್ನೆಲೆಯ ಬಗ್ಗೆ ಮಾತ್ರ. ವಸ್ತುವಿನ ಮೇಲೆ ಬೆಳಕು ಎತ್ತಲಿಂದ ಬೀಳಬೇಕೆಂದು ಅದು ಹೇಳುವುದಿಲ್ಲ. ಕಿಟಕಿಯ ಪಕ್ಕದ ಬಿಳಿ ಹಾಳೆಯ ಮೇಲೆ ತೆಗೆದ ಚಿತ್ರದ ಹಿನ್ನೆಲೆಯನ್ನು ಮೊಬೈಲ್ ಆ್ಯಪ್‌ನಲ್ಲೇ ಅಪ್ಪಟ ಬಿಳಿ ಮಾಡಬಹುದು. ಸತ್ತ ನೆರಳನ್ನು ಮತ್ತೆ ಬದುಕಿಸುವ ಆ್ಯಪ್ ಮಾತ್ರ ನಾನು ಕಂಡಿಲ್ಲ. ಮುಖ್ಯ ಚಿತ್ರದ ನಂತರದ ಚಿತ್ರಗಳಿಗೆ ಹಿನ್ನೆಲೆಯ ಆ ಕಟ್ಟೂ ಇಲ್ಲ.

ನಮ್ಮವರ ಬಗ್ಗೆಯೂ ಹೇಳಬೇಕು, ಪತ್ರಿಕೋದ್ಯಮ ಓದಿ ಹಳ್ಳಿಗೆ ಕ್ಯಾಮೆರಾ ಹೊತ್ತು ಹೋಗುವವರ ಬಗ್ಗೆ. ಕುಶಲಕರ್ಮಿ ಎಂದರೆ ಸುಕ್ಕುಗಟ್ಟಿದ ಕೈ, ಹೊಗೆ, ಒಲೆಯ ಬೆಳಕು. ವಸ್ತು ಎಲ್ಲೋ ಮಸುಕು. ಯಾರಾದರೂ ಮನೆಯಲ್ಲೇ ರಟ್ಟಿನ ಡಬ್ಬ ಕತ್ತರಿಸಿ ಬೆಳಕಿನ ವ್ಯವಸ್ಥೆ ಮಾಡಿಕೊಂಡರೆ ‘ಹಳ್ಳಿ ಹೈದನ ಜುಗಾಡ್ ಸ್ಟುಡಿಯೋ’ ಎಂಬ ತಲೆಬರಹ. ಯಾವ ಜುಗಾಡ್? ಬೆಂಗಳೂರಿನಲ್ಲಿ ಆಭರಣದ ಕ್ಯಾಟಲಾಗ್ ತೆಗೆಯುವ ಫೋಟೋಗ್ರಾಫರ್ ಕೂಡ ಟ್ರೇಸಿಂಗ್ ಪೇಪರಿನ ಹಿಂದೆ ದೀಪ ಇಟ್ಟು, ಬಿಳಿ ಫೋಮ್ ತುಂಡು ಎದುರು ನಿಲ್ಲಿಸಿಯೇ ಕೆಲಸ ಮಾಡುವುದು. ಅವರು ಮಾಡಿದರೆ ತಂತ್ರ, ಇವರು ಮಾಡಿದರೆ ಜುಗಾಡ್.

ಸಂಡೂರಿನ ಲಂಬಾಣಿ ಕಸೂತಿಯ ವಿಷಯದಲ್ಲಿ ಇದು ನೇರ ದುಡ್ಡಿನ ಪ್ರಶ್ನೆ. ಯಂತ್ರದ ಕಸೂತಿ ಇರುವ ಚೀಲಗಳು ಸಂತೆಯಲ್ಲಿ ರಾಶಿ ಬಿದ್ದಿವೆ. ಕೈಹೊಲಿಗೆಯಲ್ಲಿ ದಾರ ಬಟ್ಟೆಯಿಂದ ಎದ್ದು ನಿಲ್ಲುತ್ತದೆ, ಒಂದು ಹೊಲಿಗೆ ಇನ್ನೊಂದರ ಪಡಿಯಚ್ಚಲ್ಲ. ಬೆಳಕು ಮಗ್ಗುಲಿನಿಂದ, ತಗ್ಗಿನಲ್ಲಿ, ಬಟ್ಟೆಯನ್ನು ಸವರಿಕೊಂಡು ಹೋದರೆ ಪ್ರತಿ ಹೊಲಿಗೆಗೂ ತನ್ನದೇ ಎಳೆ ನೆರಳು. ನಾಲ್ಕು ಕಡೆಯ ಬೆಳಕಿನಲ್ಲಿ ಅದೂ ಯಂತ್ರದ್ದೂ ಒಂದೇ. ಊರಿಗೆ ಬರುವ ವ್ಯಾಪಾರಿಗೆ ಈ ಗುಟ್ಟು ಚೆನ್ನಾಗಿ ಗೊತ್ತು. ಹೊಲಿದವರ ಚಪ್ಪಟೆ ಫೋಟೋ ತೋರಿಸಿ ‘ಇಂಥದ್ದು ಎಲ್ಲ ಕಡೆ ಸಿಗ್ತದೆ’ ಎಂದು ಬೆಲೆ ಇಳಿಸುತ್ತಾನೆ, ಕೊಂಡೊಯ್ದ ಮೇಲೆ ತನ್ನ ಪೇಜಿಗೆ ಬೇರೆ ಬೆಳಕಿನಲ್ಲಿ ಬೇರೆ ಫೋಟೋ ತೆಗೆಸುತ್ತಾನೆ. ಒಳ್ಳೆಯ ಫೋಟೋ ಹೊಲಿದವರ ಮೊಬೈಲಿನಲ್ಲೇ ಇದ್ದಿದ್ದರೆ ಆ ಮಾತುಕತೆ ಬೇರೆ ಕಡೆಯಿಂದ ಶುರುವಾಗುತ್ತಿತ್ತು.

ತರಬೇತಿ ನಡೆಸುವವರು ಮುಂದಿನ ಸಲ ಖರ್ಚಿನ ಪಟ್ಟಿಯಲ್ಲಿ ಪೆಟ್ಟಿಗೆ ತೆಗೆದು ಬಟರ್ ಪೇಪರ್, ಡ್ರಾಯಿಂಗ್ ಶೀಟು ಬರೆಯಲಿ. ಫೋಟೋ ಪಾಠವನ್ನು ಊಟದ ನಂತರದ ಕತ್ತಲೆ ಸಭಾಂಗಣದಿಂದ ಬೆಳಗಿನ ಹತ್ತು ಗಂಟೆಗೆ, ಹೊಲಿಯುವವರ, ಕೆತ್ತುವವರ ಮನೆಯ ಕಿಟಕಿಗೆ ತರಲಿ. ಕನ್ನಡಿ ಕಸೂತಿಯ ಫೋಟೋ ತೆಗೆಯುವಾಗ ಮಾತ್ರ ಒಂದು ಎಚ್ಚರ: ಪ್ರತಿ ಕನ್ನಡಿಯಲ್ಲೂ ಮೊಬೈಲ್ ಹಿಡಿದ ನಿಮ್ಮ ಕೈ ಕಾಣುತ್ತದೆ. ಸ್ವಲ್ಪ ಓರೆಗೆ ನಿಲ್ಲಿ.