ಹಸಿರು ಗಾಜಿನ ಹನಿಗಳು

ಮಕ್ಕಳೇ, ಮನೆಯಲ್ಲಿ ಶೇಂಗಾ ಚಿಕ್ಕಿ ಇದ್ದರೆ ಒಂದು ತುಂಡು ತನ್ನಿ. ತಿನ್ನುವ ಮೊದಲು ಬೆಳಕಿಗೆ ಹಿಡಿದು ನೋಡಿ. ಎರಡು ಬೀಜಗಳ ನಡುವೆ ಬೆಲ್ಲದ ಪಾಕ ಕಂದು ಬಣ್ಣದ ಕಿಟಕಿಯ ಹಾಗೆ ಹೊಳೆಯುತ್ತದಲ್ಲ, ಅದು ಗಾಜು. ತಮಾಷೆಗೆ ಹೇಳುತ್ತಿಲ್ಲ, ವಿಜ್ಞಾನಿಗಳ ಲೆಕ್ಕದಲ್ಲೂ ಅದು ಒಂದು ಬಗೆಯ ಗಾಜೇ. ಈಗ ಅಜ್ಜಿಯನ್ನು ಕೇಳಿ ಒಂದು ಕಲ್ಲುಸಕ್ಕರೆ ತೆಗೆದುಕೊಳ್ಳಿ. ಅದಕ್ಕೆ ಚಪ್ಪಟೆ ಮುಖಗಳಿವೆ, ನೇರ ಅಂಚುಗಳಿವೆ. ಅದು ಸ್ಫಟಿಕ.

ಎರಡೂ ಕಬ್ಬಿನ ಹಾಲಿನ ಮಕ್ಕಳೇ. ಆದರೆ ಒಂದು ಗಾಜಾಯಿತು, ಇನ್ನೊಂದು ಸ್ಫಟಿಕವಾಯಿತು. ಕಾರಣ ಸಮಯ. ಕಲ್ಲುಸಕ್ಕರೆ ದಿನಗಟ್ಟಲೆ ನಿಧಾನವಾಗಿ ಬೆಳೆಯುತ್ತದೆ. ಬೆಳಗಿನ ಪ್ರಾರ್ಥನೆಗೆ ನೀವು ಸಾಲಾಗಿ ನಿಲ್ಲುತ್ತೀರಲ್ಲ, ಹಾಗೆ ಸಕ್ಕರೆಯ ಅಣುಗಳಿಗೆ ಸಾಲು ಕಟ್ಟಿ ನಿಲ್ಲಲು ಪುರುಸೊತ್ತು ಸಿಗುತ್ತದೆ. ಚಿಕ್ಕಿಯ ಪಾಕವನ್ನೋ ಅಜ್ಜಿ ತಣ್ಣನೆಯ ತಟ್ಟೆಗೆ ಸುರಿದುಬಿಡುತ್ತಾರೆ. ಆಟದ ಮೈದಾನದಲ್ಲಿ ‘ಸ್ಟ್ಯಾಚ್ಯೂ’ ಎಂದು ಕೂಗಿದಂತೆ, ಅಣುಗಳು ಎಲ್ಲಿದ್ದವೋ ಅಲ್ಲೇ ನಿಂತುಬಿಡುತ್ತವೆ.

ಕಲ್ಲು, ಮರಳಿನ ಕಥೆಯೂ ಇದೇ. ಮರಳನ್ನು ಕರಗಿಸಿ ಬೇಗ ತಣಿಸಿದರೆ ಗಾಜು. ಮನುಷ್ಯ ಅದನ್ನು ಕುಲುಮೆಯಲ್ಲಿ ಮಾಡುತ್ತಾನೆ. ಜ್ವಾಲಾಮುಖಿ ಅದನ್ನು ಲಾವಾದಿಂದ ಮಾಡುತ್ತದೆ, ಮಿಂಚು ಮರಳುಗಾಡಿಗೆ ಹೊಡೆದರೂ ಆಗುತ್ತದೆ. ಇನ್ನೊಂದು ಬಗೆಯೂ ಇದೆ. ಆಕಾಶದಿಂದ ಬಂಡೆಯೊಂದು ಬಂದು ಅಪ್ಪಳಿಸುವುದು.

ಈ ವಿಷಯ ಎತ್ತಿಕೊಳ್ಳಲು ಒಬ್ಬ ಅಜ್ಜಿಯ ಪತ್ರ ಕಾರಣ. ಅವರ ಮೊಮ್ಮಗಳು ಹುಟ್ಟುಹಬ್ಬಕ್ಕೆ ಹಸಿರು ಕಲ್ಲಿನ ಪದಕ ಕೇಳುತ್ತಿದ್ದಾಳಂತೆ. ಮೊಬೈಲಿನಲ್ಲಿ ನೋಡಿದ್ದು. ಹೆಸರು ಮೋಲ್ಡವೈಟ್. ‘ಆಕಾಶದಿಂದ ಬಿದ್ದ ರತ್ನ, ಧರಿಸಿದವರ ಅದೃಷ್ಟ ಒಂದೇ ವಾರದಲ್ಲಿ ಬದಲು’ ಎಂದು ಕೆಳಗೆ ಬರೆದಿದೆಯಂತೆ. ಬೆಲೆ ನೋಡಿದರೆ ಅಜ್ಜಿಯ ಅರ್ಧ ತಿಂಗಳ ಪಿಂಚಣಿ. ‘ಕೊಡಿಸಲೋ ಬೇಡವೋ, ನೀವೇ ಹೇಳಿ’ ಎಂದು ಕೇಳಿದ್ದಾರೆ. ಹೇಳುತ್ತೇನೆ. ಆದರೆ ಅದಕ್ಕೆ ಮೊದಲು ಜರ್ಮನಿಯ ಒಂದು ಊರಿಗೆ ಹೋಗಿ ಬರೋಣ.

ದಕ್ಷಿಣ ಜರ್ಮನಿಯ ಬವೇರಿಯಾ ಪ್ರಾಂತ್ಯದಲ್ಲಿ ನರ್ಡ್ಲಿಂಗನ್ ಎಂಬ ಹಳೆಯ ಊರಿದೆ. ಸುತ್ತ ದುಂಡನೆಯ ಕೋಟೆಗೋಡೆ, ಇಂದಿಗೂ ಅದರ ಮೇಲೆ ಊರಿಗೊಂದು ಪೂರ್ತಿ ಪ್ರದಕ್ಷಿಣೆ ಹಾಕಬಹುದು. ನಡುವೆ ಸಂತ ಜಾರ್ಜ್ ಚರ್ಚು. ಅದರ ಗೋಪುರ ಸುಮಾರು 90 ಮೀಟರ್ ಎತ್ತರ, ಊರವರು ಅದನ್ನು ಪ್ರೀತಿಯಿಂದ ಡೇನಿಯಲ್ ಎಂದು ಕರೆಯುತ್ತಾರೆ. ಗೋಪುರದ ಮೇಲೆ ಇವತ್ತಿಗೂ ಕಾವಲುಗಾರನಿದ್ದಾನೆ! ರಾತ್ರಿ ಹತ್ತರಿಂದ ಹನ್ನೆರಡರವರೆಗೆ ಅರ್ಧ ಗಂಟೆಗೊಮ್ಮೆ ಕೆಳಕ್ಕೆ ಕೂಗು ಹಾಕುತ್ತಾನೆ. ಅದರ ಹಿಂದೆ ಒಂದು ಕಥೆ. 1440ರಲ್ಲಿ ಶತ್ರುಗಳಿಂದ ಲಂಚ ತಿಂದ ಕಾವಲುಗಾರರು ಕೋಟೆಬಾಗಿಲಿಗೆ ಅಗುಳಿ ಹಾಕದೆ ಬಿಟ್ಟಿದ್ದರಂತೆ. ಒಂದು ಹಂದಿ ಮೈ ತುರಿಸಿಕೊಳ್ಳಲು ಬಾಗಿಲಿಗೆ ಉಜ್ಜಿದಾಗ ಬಾಗಿಲು ಅಲುಗಿತು, ಮೋಸ ಬಯಲಾಯಿತು, ಊರು ಉಳಿಯಿತು. ಹಂದಿಯಿಂದ ಉಳಿದ ಊರು ಎಂದು ಅಲ್ಲಿಯವರೇ ನಗುತ್ತ ಹೇಳಿಕೊಳ್ಳುತ್ತಾರೆ.

ಡೇನಿಯಲ್ ಗೋಪುರ ಹತ್ತಿ ನಿಂತರೆ ಸುತ್ತಲೂ ತಟ್ಟೆಯಂಥ ಬಯಲು, ದೂರದಲ್ಲಿ ಅಂಚು ಕಟ್ಟಿದಂತೆ ಗುಡ್ಡಗಳ ಉಂಗುರ. ಬಯಲಿನ ಅಗಲ ಸುಮಾರು 24 ಕಿಲೋಮೀಟರ್. ಅದಕ್ಕೆ ರೀಸ್ ಎಂದು ಹೆಸರು. ಇಷ್ಟು ದುಂಡಗಿನ ಬಯಲು ಹೇಗಾಯಿತು? ‘ಹಳೆಯ ಜ್ವಾಲಾಮುಖಿ’ ಎಂದೇ ಹೆಚ್ಚಿನ ಭೂವಿಜ್ಞಾನಿಗಳು ಬಹುಕಾಲ ನಂಬಿದ್ದರು. ಚರ್ಚು ಕಟ್ಟಿದ ಬೂದು ಕಲ್ಲಿನಲ್ಲಿ ಗಾಜಿನ ಚೂರುಗಳಿದ್ದವು, ಹಾಗಾಗಿ ಅದೂ ಜ್ವಾಲಾಮುಖಿಯ ಬೂದಿಗಲ್ಲೇ ಇರಬೇಕು ಎಂದುಕೊಂಡರು. ಆ ಕಲ್ಲಿಗೆ ಸ್ವೇವೈಟ್ ಎಂದು ಹೆಸರು. ಆಕಾಶದ ಬಂಡೆ ಬಿದ್ದು ಆದ ಕುಳಿ ಇದು ಎಂದು ಒಬ್ಬಿಬ್ಬರು ಹೇಳಿದರೂ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ. ಅವರ ಹತ್ತಿರ ಪುರಾವೆಯೂ ಇರಲಿಲ್ಲವೆನ್ನಿ.

ಪುರಾವೆ ಸಿಕ್ಕಿದ್ದು ಒಂದು ಪುಟಾಣಿ ಖನಿಜದಿಂದ. 1953ರಲ್ಲಿ ಅಮೆರಿಕದ ಲೋರಿಂಗ್ ಕೋಸ್ ಎಂಬ ರಸಾಯನವಿಜ್ಞಾನಿ ಮರಳಿನ ಸಿಲಿಕಾವನ್ನು ಪ್ರಯೋಗಾಲಯದಲ್ಲಿ ಭಯಂಕರ ಒತ್ತಡಕ್ಕೆ ಸಿಕ್ಕಿಸಿ ಹೊಸ ಬಗೆಯ ಸ್ಫಟಿಕ ಮಾಡಿದ್ದರು. ನಮ್ಮ ಸುತ್ತಲಿನ ಗಾಳಿ ಹಾಕುವ ಒತ್ತಡದ 20,000 ಪಟ್ಟಿಗಿಂತ ಹೆಚ್ಚು ಒತ್ತಡ ಬೇಕು ಅದಕ್ಕೆ. ಅವರ ಹೆಸರಿನಿಂದಲೇ ಅದು ಕೋಸೈಟ್ ಆಯಿತು. ಜ್ವಾಲಾಮುಖಿಯ ಬಾಯಲ್ಲಿ ಅಂಥ ಒತ್ತಡ ಹುಟ್ಟುವುದಿಲ್ಲ. 1960ರಲ್ಲಿ ಯೂಜೀನ್ ಶೂಮೇಕರ್ ಎಂಬ ಅಮೆರಿಕದ ಭೂವಿಜ್ಞಾನಿ ರೀಸ್‌ಗೆ ಬಂದು ಸ್ವೇವೈಟ್ ತುಂಡುಗಳನ್ನು ಆಯ್ದುಕೊಂಡರು. ಅವರೂ ಎಡ್ವರ್ಡ್ ಚಾವೊ ಎಂಬ ವಿಜ್ಞಾನಿಯೂ ಸೇರಿ ಪರೀಕ್ಷಿಸಿದಾಗ ಅದರಲ್ಲಿ ಕೋಸೈಟ್ ಇತ್ತು. ಅಲ್ಲಿಗೆ ತಕರಾರು ಮುಗಿದ ಹಾಗೆಯೇ. ನೂರಾರು ವರ್ಷ ಜನ ಯಾವ ಗೋಡೆಯ ಪಕ್ಕ ಕೂತು ಪ್ರಾರ್ಥಿಸಿದ್ದರೋ ಆ ಗೋಡೆಯೇ ಸಾಕ್ಷಿ! ಆಮೇಲೆ ಅದೇ ಕಲ್ಲಿನಲ್ಲಿ ವಜ್ರಗಳೂ ಸಿಕ್ಕವು. ಪೆಟ್ಟಿನ ಒತ್ತಡಕ್ಕೆ ನೆಲದೊಳಗಿನ ಗ್ರಾಫೈಟ್, ಅಂದರೆ ನಿಮ್ಮ ಪೆನ್ಸಿಲ್ಲಿನ ಕಡ್ಡಿಯಲ್ಲಿರುವ ವಸ್ತು, ವಜ್ರವಾಗಿತ್ತು. ಆಸೆ ಪಡಬೇಡಿ, ಸೂಕ್ಷ್ಮದರ್ಶಕ ಬೇಕಾಗುವಷ್ಟು ಸಣ್ಣವು. ಉಂಗುರಕ್ಕಿರಲಿ, ಮೂಗುಬೊಟ್ಟಿಗೂ ಆಗುವುದಿಲ್ಲ.

ನಡೆದದ್ದು ಇಷ್ಟು. ಸುಮಾರು ಒಂದೂವರೆ ಕೋಟಿ ವರ್ಷದ ಹಿಂದೆ ಒಂದು ಕಿಲೋಮೀಟರಿಗಿಂತ ದಪ್ಪದ ಬಂಡೆ, ಸೆಕೆಂಡಿಗೆ 20 ಕಿಲೋಮೀಟರಿನ ಆಸುಪಾಸಿನ ವೇಗದಲ್ಲಿ ಬಂದು ಬಡಿಯಿತು. ಆ ವೇಗದಲ್ಲಿ ಬೆಂಗಳೂರಿನಿಂದ ಮೈಸೂರಿಗೆ ಏಳೆಂಟು ಸೆಕೆಂಡು ಸಾಕು. ಬಂಡೆ ನೆಲಕ್ಕೆ ತಾಗಿದ ಗಳಿಗೆಯಲ್ಲೇ ಎಲ್ಲಕ್ಕಿಂತ ಮೇಲೆ ಹಾಸಿದ್ದ ಮರಳಿನ ಪದರ ಕರಗಿ ಚಿಮ್ಮಿತು. ಕೆಸರಿನ ಗುಂಡಿಗೆ ಕಲ್ಲೆಸೆದರೆ ಪಕ್ಕದವನ ಅಂಗಿಗೆ ಹಾರುತ್ತದಲ್ಲ, ಹಾಗೆ. ಹಾರುತ್ತಲೇ ತಣಿದ ಆ ಹನಿಗಳು ಪೂರ್ವಕ್ಕೆ, 200ರಿಂದ 450 ಕಿಲೋಮೀಟರ್ ದೂರ ಹೋಗಿ, ಇಂದಿನ ಚೆಕ್ ದೇಶದ ನೆಲದಲ್ಲಿ ಉದುರಿದವು. ಬೆಂಗಳೂರಿನಲ್ಲಿ ಚಿಮ್ಮಿದ ಹನಿ ಹುಬ್ಬಳ್ಳಿಯಲ್ಲಿ ಬಿದ್ದ ಹಾಗೆ. ಅವೇ ಮೋಲ್ಡವೈಟ್. ಚೆಕ್ ದೇಶದ ವಲ್ತಾವಾ ನದಿಗೆ ಜರ್ಮನ್ ಭಾಷೆಯಲ್ಲಿ ಮೋಲ್ಡಾವ್ ಎನ್ನುತ್ತಾರೆ, ಹೆಸರು ಬಂದದ್ದು ಅಲ್ಲಿಂದ.

ಗಮನಿಸಿದಿರಾ? ‘ಆಕಾಶದಿಂದ ಬಿದ್ದದ್ದು’ ಎಂಬ ಮಾತು ಅರ್ಧ ಮಾತ್ರ ನಿಜ. ಬಿದ್ದದ್ದು ಹೌದು, ಆದರೆ ಹೊರಟದ್ದು ನೆಲದಿಂದಲೇ. ಆ ಹಸಿರು ಗಾಜು ಜರ್ಮನಿಯ ಮರಳು. ನನಗಂತೂ ರತ್ನದ ಕಥೆಗಿಂತ ಈ ಕಥೆಯೇ ಹೆಚ್ಚು ಹಿಡಿಸುತ್ತದೆ.

ಚೆಕ್ ರೈತರು ಹೊಲ ಉಳುವಾಗ ಸಿಗುತ್ತಿದ್ದ ಈ ಹಸಿರು ಚೂರುಗಳನ್ನು ಹಳೆಯ ಗಾಜಿನ ಕುಲುಮೆಗಳ ಕಸ ಎಂದು ತಿಳಿದವರೂ ಇದ್ದರು. ಗಾಜಿಗೆ ಹೆಸರಾದ ಸೀಮೆಯಲ್ಲಿ ಹಾಗೆ ಅನ್ನಿಸುವುದು ಸಹಜ. ಗುಟ್ಟು ಬಿಟ್ಟುಕೊಟ್ಟದ್ದು ನೀರು. ಜ್ವಾಲಾಮುಖಿಯ ಗಾಜಿನಲ್ಲಿ ಸ್ವಲ್ಪವಾದರೂ ನೀರಿನಂಶ ಇರುತ್ತದೆ. ಇದರಲ್ಲಿ ಇಲ್ಲವೆನ್ನುವಷ್ಟು ಕಡಿಮೆ, ಕಾದ ಹೆಂಚಿನ ಮೇಲೆ ಬಿದ್ದ ಹನಿಯಂತೆ ಎಲ್ಲ ಹಾರಿಹೋಗಿದೆ. ಜೊತೆಗೆ 1960ರ ದಶಕದಲ್ಲಿ ಎರಡರ ವಯಸ್ಸನ್ನೂ ಅಳೆದರು. ರೀಸ್‌ನ ಗಾಜಿಗೂ ಮೋಲ್ಡವೈಟ್‌ಗೂ ಒಂದೇ ವಯಸ್ಸು.

ಇಂಥ ಗಾಜು ಬೇರೆ ಕಡೆಯೂ ಇದೆ. ಈಜಿಪ್ಟಿನ ಪಶ್ಚಿಮ ಮರುಭೂಮಿಯಲ್ಲಿ ಸಿಗುವ ತಿಳಿಹಳದಿ ಗಾಜಿನ ವಯಸ್ಸು ಸುಮಾರು ಎರಡು ಕೋಟಿ ತೊಂಬತ್ತು ಲಕ್ಷ ವರ್ಷ. ಬಾಲರಾಜ ಟುಟಂಖಾಮನ್‌ನ ಸಮಾಧಿಯಲ್ಲಿ ಸಿಕ್ಕ ಒಂದು ಎದೆಪದಕದ ನಡುವೆ ಕೆತ್ತಿದ ಜೀರುಂಡೆ ಇದೆ. ಸಮಾಧಿಯನ್ನು ಪತ್ತೆಹಚ್ಚಿದ ಹೋವರ್ಡ್ ಕಾರ್ಟರ್ ಅದನ್ನು ಬೇರೊಂದು ಕಲ್ಲು ಎಂದು ಬರೆದಿಟ್ಟಿದ್ದರು. ಅದು ಈ ಮರುಭೂಮಿಯ ಗಾಜು ಎಂದು ತಿಳಿದದ್ದು 1990ರ ದಶಕದ ಕೊನೆಯಲ್ಲಿ.

ಈಗ ಅಜ್ಜಿಯ ಪ್ರಶ್ನೆ. ನನ್ನ ಉತ್ತರ: ಪಿಂಚಣಿ ಹಣ ಪೆಟ್ಟಿಗೆಯಲ್ಲೇ ಇರಲಿ. ಗಾಜು ಯಾರ ಅದೃಷ್ಟವನ್ನೂ ತಿದ್ದುವುದಿಲ್ಲ, ಅದು ಎಲ್ಲಿಂದ ಚಿಮ್ಮಿದ್ದೇ ಆಗಲಿ. ಎರಡನೆಯದು, ಮೋಲ್ಡವೈಟ್ ಹೆಸರಿನಲ್ಲಿ ಹಸಿರು ಬಾಟಲಿ ಗಾಜು ಬಹಳ ಮಾರಾಟವಾಗುತ್ತಿದೆ. ಅಚ್ಚಿಗೆ ಹೊಯ್ದು, ಆಮ್ಲದಲ್ಲಿ ಮೇಲ್ಮೈ ಒರಟು ಮಾಡಿ, ನಿಜವಾದದ್ದರ ಹಾಗೆಯೇ ಕಾಣುವಂತೆ ಮಾಡುತ್ತಾರೆ. ಚಿತ್ರ ನೋಡಿ ಹೇಳಲು ನನ್ನಿಂದಲೂ ಆಗದು.

ಮೊಮ್ಮಗಳಿಗೆ ಬೇಸರವಾಗಬಹುದು. ಅವಳಿಗೆ ಮತ್ತು ನಿಮಗೆಲ್ಲ ಒಂದು ಕೆಲಸ ಕೊಡುತ್ತೇನೆ. ಯಾರ ಮನೆಯಲ್ಲಾದರೂ ಆಗಲೇ ಕೊಂಡ ಹಸಿರು ಕಲ್ಲಿದ್ದರೆ ಅದನ್ನೇ ಪರೀಕ್ಷಿಸಬಹುದು. ಚಿನ್ನ ತೂಗುವಂಥ ಸೂಕ್ಷ್ಮ ತಕ್ಕಡಿ ಬೇಕು, ಶಾಲೆಯ ಪ್ರಯೋಗಶಾಲೆಯಲ್ಲಿ ಇರುತ್ತದೆ. ಮೊದಲು ಕಲ್ಲನ್ನು ಹಾಗೆಯೇ ತೂಗಿ ಬರೆದಿಟ್ಟುಕೊಳ್ಳಿ. ಆಮೇಲೆ ನೀರಿನ ಲೋಟವನ್ನು ತಕ್ಕಡಿಯ ಮೇಲಿಟ್ಟು ಅಂಕಿ ಸೊನ್ನೆಗೆ ತನ್ನಿ. ಕಲ್ಲನ್ನು ತೆಳು ದಾರದಲ್ಲಿ ಕಟ್ಟಿ ನೀರಿನೊಳಗೆ ಪೂರ್ತಿ ಮುಳುಗಿಸಿ ಹಿಡಿಯಿರಿ, ತಳಕ್ಕೂ ಬದಿಗೂ ತಾಗಬಾರದು. ತಕ್ಕಡಿ ಈಗ ಏನು ತೋರಿಸುತ್ತದೋ ಅದು ಕಲ್ಲು ಪಕ್ಕಕ್ಕೆ ತಳ್ಳಿದ ನೀರಿನ ತೂಕ. ಮೊದಲ ಅಂಕಿಯನ್ನು ಎರಡನೆಯದರಿಂದ ಭಾಗಿಸಿ. ಮೋಲ್ಡವೈಟ್ ಆದರೆ ಉತ್ತರ 2.32ರಿಂದ 2.40ರ ಒಳಗೆ ಬರಬೇಕು. ಬಾಟಲಿ ಗಾಜಾದರೆ 2.5ರ ಸುತ್ತ. ಅಂದರೆ 12 ಗ್ರಾಂ ಕಲ್ಲು 5.1 ಗ್ರಾಂ ನೀರು ತಳ್ಳಿದರೆ ಆಸೆ ಇಟ್ಟುಕೊಳ್ಳಬಹುದು, 4.8 ತಳ್ಳಿದರೆ ಅದು ಬಾಟಲಿಯ ವಂಶದ್ದು. ಹಗುರವಾದ ನಕಲಿ ಗಾಜೂ ಇರುವುದರಿಂದ ‘ಇದು ನಿಜ’ ಎಂದು ಈ ಪರೀಕ್ಷೆ ಹೇಳಲಾರದು. ‘ಇದು ಸುಳ್ಳು’ ಎಂದು ಮಾತ್ರ ಹೇಳಬಲ್ಲದು. ಕಲ್ಲಿನ ಮೇಲೆ ನೀರಿನ ಗುಳ್ಳೆ ಅಂಟಿದ್ದರೆ ಒಮ್ಮೆ ಕೊಡವಿ, ಲೆಕ್ಕ ಕೆಟ್ಟೀತು.

ಆಕಾಶದ ಪೆಟ್ಟು ತಿಂದ ಕಲ್ಲು ನೋಡಲೇಬೇಕೆಂದರೆ ನಮ್ಮ ದೇಶದಲ್ಲೇ ಇದೆ. ಮಹಾರಾಷ್ಟ್ರದ ಬುಲ್ಡಾಣಾ ಜಿಲ್ಲೆಯ ಲೋಣಾರ್ ಸರೋವರ ಅಂಥದೊಂದು ಕುಳಿ, ಅಗಲ ಸುಮಾರು 1.8 ಕಿಲೋಮೀಟರ್. ದಖ್ಖನ್ನಿನ ಕಪ್ಪು ಬಸಾಲ್ಟ್ ಕಲ್ಲಿನಲ್ಲಿ ಬಿದ್ದ ಕುಳಿ ಅದು. ಅಲ್ಲಿ ಕರಗಿ ಗಾಜಾದ ಹನಿಗಳೂ ಇವೆ, ಮ್ಯಾಸ್ಕೆಲಿನೈಟ್ ಎಂಬ ಇನ್ನೊಂದು ವಿಚಿತ್ರವೂ ಇದೆ. ಇದು ಪೆಟ್ಟಿನ ರಭಸಕ್ಕೇ ಸಾಲು ತಪ್ಪಿ ಗಾಜಾದ ಸ್ಫಟಿಕ. ಹೊರಗಿನ ಆಕಾರ ಸ್ಫಟಿಕದ್ದೇ, ಒಳಗೆ ಮಾತ್ರ ಚಿಕ್ಕಿ!

ಇದನ್ನು ಮೊದಲು ಗುರುತಿಸಿದ್ದೂ ಭಾರತದ ಕಲ್ಲಿನಲ್ಲೇ. 1865ರ ಆಗಸ್ಟ್ 25ರಂದು ಬಿಹಾರದ ಗಯಾ ಸೀಮೆಯ ಶೆರ್‌ಘಾಟಿಯಲ್ಲಿ ಒಂದು ಉಲ್ಕಾಶಿಲೆ ಬಿತ್ತು. ಅದರ ತುಂಡನ್ನು ವಿಯೆನ್ನಾದ ಗುಸ್ತಾವ್ ಚೆರ್ಮಾಕ್ 1872ರಲ್ಲಿ ಪರೀಕ್ಷಿಸಿ ಈ ಗಾಜಿಗೆ ಹೆಸರಿಟ್ಟರು. ಕಲ್ಲು ಎಲ್ಲಿಂದ ಬಂತೆಂದು ತಿಳಿಯಲು ಇನ್ನೂ ನೂರು ವರ್ಷ ಹಿಡಿಯಿತು. ಇದೇ ಜಾತಿಯ ಇನ್ನೊಂದು ಉಲ್ಕಾಶಿಲೆ ಅಂಟಾರ್ಕ್ಟಿಕಾದ ಹಿಮದಲ್ಲಿ ಸಿಕ್ಕಿತು. ಅದರ ಗಾಜಿನೊಳಗೆ ಸ್ವಲ್ಪ ಗಾಳಿ ಸಿಕ್ಕಿಹಾಕಿಕೊಂಡಿತ್ತು. ಹೊರತೆಗೆದು ನೋಡಿದರೆ, 1976ರಲ್ಲಿ ವೈಕಿಂಗ್ ನೌಕೆಗಳು ಮಂಗಳ ಗ್ರಹದ ಮೇಲೆ ಇಳಿದು ಅಳೆದ ಗಾಳಿಗೂ ಇದಕ್ಕೂ ತಾಳೆಯಾಯಿತು. ಮಂಗಳನ ಮೇಲೆ ಯಾವುದೋ ಬಂಡೆ ಬಡಿದಾಗ ಚಿಮ್ಮಿ, ಆ ಗ್ರಹವನ್ನೇ ಬಿಟ್ಟು ಬಂದ ಕಲ್ಲುಗಳು ಅವು. ಶೆರ್‌ಘಾಟಿಯದೂ ಅದೇ ಮನೆತನದ್ದು, ಹಾಗಾಗಿ ಈ ಬಗೆಯ ಕಲ್ಲುಗಳಿಗೆಲ್ಲ ಇಂದು ಆ ಊರಿನ ಹೆಸರೇ.

ತಕ್ಕಡಿ ಪರೀಕ್ಷೆ ಮಾಡಿದವರು ಅಂಕಿಗಳನ್ನು ಬರೆದು ಕಳಿಸಿ. ಹಸಿರು ಕಲ್ಲು ಇಲ್ಲದವರು ಅಜ್ಜನ ಹಳೆಯ ಗೋಲಿಸೋಡಾ ಗೋಲಿಯನ್ನು ತೂಗಬಹುದು.