ದಸರೆಯ ರಜೆಯನ್ನು ಮಕ್ಕಳಿಗೆ ಬಿಟ್ಟುಕೊಡಿರಿ

ಕನ್ನಡನಾಡಿನ ಸಮಸ್ತ ತಾಯಿತಂದೆಗಳಲ್ಲಿ ಬಿನ್ನಹ.

ಆಶ್ವಯುಜ ಶುದ್ಧ ಪಾಡ್ಯದಿಂದ ಮೊದಲುಗೊಂಡು ವಿಜಯದಶಮಿಯವರೆಗಿನ ದಿನಗಳು ಹಳೆಯ ಮೈಸೂರು ಸೀಮೆಯ ಅನೇಕ ಮನೆಗಳಲ್ಲಿ ಬಹುಕಾಲದಿಂದಲೂ ಮಕ್ಕಳ ದಿನಗಳೆಂದೇ ಗಣನೆಗೆ ಬಂದಿದ್ದವು. ಶಾಲೆಗಳ ಮಧ್ಯಾವಧಿಯ ರಜೆಯೂ ಈ ಹಬ್ಬವನ್ನೇ ಅನುಸರಿಸಿ ಬರುವುದರಿಂದ, ಮನೆಮಂದಿಯೆಲ್ಲರೂ ಒಂದೆಡೆ ನೆರೆದು ಒಂದೇ ಕಾರ್ಯಕ್ಕೆ ಕೈಜೋಡಿಸುವುದಕ್ಕೆ ವರ್ಷದಲ್ಲಿ ಇದಕ್ಕಿಂತಲೂ ಪ್ರಶಸ್ತವಾದ ಕಾಲವು ಮತ್ತೊಂದಿಲ್ಲ. ಅಂತಹ ಕಾಲವನ್ನು ನಾವು ಒಂದೊಂದೇ ನೆಪದಿಂದ ಕೈಬಿಡುತ್ತಿರುವುದನ್ನು ನೋಡಿ ಸುಮ್ಮನಿರಲಾರದೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಆರನೆಯ ವಯಸ್ಸಿನಲ್ಲಿ ಒಂದನೆಯ ತರಗತಿಗೆ ಸೇರಿದ ಮಗುವು ಎಸ್‌ಎಸ್‌ಎಲ್‌ಸಿ ಮುಗಿಸುವಷ್ಟರಲ್ಲಿ ಕಾಣುವುದು 10 ನವರಾತ್ರಿಗಳನ್ನು; ಪಿಯುಸಿಯ ಎರಡು ವರ್ಷಗಳನ್ನು ಸೇರಿಸಿದರೆ 12. ಇವುಗಳಲ್ಲಿ ಕಡೆಯ ಮೂರನ್ನು ಪರೀಕ್ಷೆಗಳೂ ಕೋಚಿಂಗ್ ತರಗತಿಗಳೂ ನುಂಗಿಬಿಡುತ್ತವೆ. ಅನಂತರ ಮಗನು ಹಾಸ್ಟೆಲಿನಲ್ಲಿಯೋ ಮಗಳು ಪರವೂರಿನ ಉದ್ಯೋಗದಲ್ಲಿಯೋ ಇದ್ದು, ಹಬ್ಬಕ್ಕೆ ಬಂದರೂ ಅತಿಥಿಗಳಂತೆ ಬಂದು, ಹಿಂದಿರುಗುವ ಬಸ್ಸಿನ ವೇಳೆಯನ್ನು ನೋಡುತ್ತ ಕುಳಿತಿರುತ್ತಾರೆ. ಮಕ್ಕಳು ತಾವಾಗಿಯೇ ಬಂದು ಸೆರಗು ಹಿಡಿದು "ಅಮ್ಮಾ, ಗೊಂಬೆ ಪೆಟ್ಟಿಗೆ ಯಾವಾಗ ಇಳಿಸೋದು?" ಎಂದು ಪೀಡಿಸುವ ವರ್ಷಗಳು ಎಷ್ಟು ಕೊಂಚವೆಂಬುದನ್ನು, ಅವು ಮುಗಿದುಹೋಗುವ ಮೊದಲೇ ತಾಯಿತಂದೆಗಳು ಮನಸ್ಸಿಗೆ ತಂದುಕೊಳ್ಳಬೇಕು.

ಗೊಂಬೆ ಕೂರಿಸುವ ಸಂಪ್ರದಾಯವನ್ನೇ ನೋಡಿರಿ. ಅಮಾವಾಸ್ಯೆಗೆ ಕೆಲವು ದಿನ ಮುಂಚಿತವಾಗಿಯೇ ಅಗಲವಾದ ತಟ್ಟೆಯಲ್ಲಿ ಮಣ್ಣು ಹರವಿ ರಾಗಿ ಚೆಲ್ಲಿ, ದಿನವೂ ನೀರು ಚಿಮುಕಿಸಿ, ಹಬ್ಬದ ವೇಳೆಗೆ ಗೊಂಬೆಗಳ ಊರಿಗೊಂದು ಹಸುರು ತೋಟವನ್ನು ಸಿದ್ಧಪಡಿಸುವುದು ಮಕ್ಕಳ ಪಾಲಿನ ಕೆಲಸ. ಆಮೇಲೆ ಅಟ್ಟದಿಂದ ಪೆಟ್ಟಿಗೆ ಇಳಿಯಬೇಕು. ಹಳೆಯ ಪಂಚೆಯ ಚೂರುಗಳಲ್ಲಿ ಸುತ್ತಿಟ್ಟ ಒಂದೊಂದು ಗೊಂಬೆಯನ್ನೂ ಬಿಚ್ಚಿ ಒರೆಸಬೇಕು. ಅಜ್ಜಿಯು ತವರಿನಿಂದ ತಂದ ಪಟ್ಟದ ರಾಜರಾಣಿಯರಿಗೆ ಹೊಸ ಜರಿಯ ಉಡುಗೆಯನ್ನು ಉಡಿಸಿ ಎಲ್ಲಕ್ಕೂ ಮೇಲಿನ ಮೆಟ್ಟಿಲಿನಲ್ಲಿ ಕುಳ್ಳಿರಿಸಬೇಕು. ಕೆಳಗೆ ಅಂಗಡಿಯಿಟ್ಟು ಕುಳಿತ ಶೆಟ್ಟಿದಂಪತಿಗಳ ಮುಂದೆ ಪುಟ್ಟ ಪುಟ್ಟ ಬಟ್ಟಲುಗಳಲ್ಲಿ ಅಕ್ಕಿಬೇಳೆಗಳನ್ನು ತುಂಬಬೇಕು. ಚನ್ನಪಟ್ಟಣದ ಅರಗಿನ ಬಣ್ಣದ ಗೊಂಬೆಗಳಿಗೆ ಸ್ಥಳ ಹುಡುಕಬೇಕು. ಈ ಕೆಲಸಗಳ ನಡುವೆ, ಯಾವ ಗೊಂಬೆ ಯಾರ ಮದುವೆಯಲ್ಲಿ ಬಂದದ್ದು, ಯಾವುದರ ಕೈ ಯಾರಿಂದ ಮುರಿಯಿತು, ಮುತ್ತಜ್ಜಿಯ ತವರೂರು ಯಾವುದು ಎಂಬಿವೇ ಮೊದಲಾದ ವೃತ್ತಾಂತಗಳು, ಹೇಳಬೇಕೆಂಬ ಉದ್ದೇಶವೇ ಇಲ್ಲದೆ ತಾವಾಗಿ ಹೊರಬರುತ್ತವೆ. ಸಂಜೆಗೆ ಆರತಿ, ನೆರೆಹೊರೆಯ ಮಕ್ಕಳು "ಗೊಂಬೆ ಕೂರಿಸಿದ್ದೀರಾ?" ಎನ್ನುತ್ತ ಬಾಗಿಲಿಗೆ ಬಂದರೆ ಅವರ ಕೈಗೆ ಗೊಂಬೆ ಬಾಗಿನದ ತಿಂಡಿ. ಮಗುವು ಆನೆಯನ್ನು ರಾಜನ ತಲೆಯ ಮೇಲೆ ನಿಲ್ಲಿಸಿದರೆ ನಿಲ್ಲಿಸಲಿ. ಛಾಯಾಚಿತ್ರಕ್ಕೆ ಅಂದವಾಗಿ ಬರಲೆಂದು ದೊಡ್ಡವರೇ ಎಲ್ಲವನ್ನೂ ಜೋಡಿಸಿ, ಮಕ್ಕಳನ್ನು "ಮುಟ್ಟಬೇಡಿ" ಎಂದು ದೂರವಿಡುವ ಮನೆಗಳನ್ನು ಕಂಡಿದ್ದೇನೆ. ಅದು ನನಗೆ ಸರಿಯೆಂದು ತೋರುವುದಿಲ್ಲ.

ಶಾಲಾಕಾಲೇಜುಗಳ ಆಡಳಿತದವರಲ್ಲಿಯೂ ಒಂದು ಮಾತು. ಮೂಲಾ ನಕ್ಷತ್ರದ ದಿನ ಪುಸ್ತಕಗಳನ್ನು ಸರಸ್ವತಿಯ ಮುಂದಿರಿಸಿ ಪೂಜಿಸಿ, ವಿಜಯದಶಮಿಯವರೆಗೆ ಅವನ್ನು ತೆರೆಯದೆ ಇರುವುದು ನಮ್ಮ ಹಿರಿಯರ ಪದ್ಧತಿ. ವಿದ್ಯೆಯನ್ನು ಅಷ್ಟೊಂದು ಗೌರವಿಸಿದ ಜನರೇ ವಿದ್ಯಾರ್ಥಿಗೆ ವಿಶ್ರಾಂತಿಯೂ ಅವಶ್ಯವೆಂದು ಅರಿತಿದ್ದರು. ಅದೇ ದಿನಗಳಲ್ಲಿ ವಿಶೇಷ ತರಗತಿಗಳನ್ನು ನಡೆಸಿ, ರಜೆ ಮುಗಿದ ಮರುದಿನವೇ ಪರೀಕ್ಷೆಯನ್ನು ಗೊತ್ತುಮಾಡುವುದು ಯಾವ ಬಗೆಯ ವಿದ್ಯಾಭಿಮಾನ? ದಯವಿಟ್ಟು ಇದನ್ನು ನಿಲ್ಲಿಸಿರಿ. ಇನ್ನು ಈ ರಜೆಯಲ್ಲಿ ಪ್ರವಾಸ ಹೋಗುವವರನ್ನು ನಾನು ಆಕ್ಷೇಪಿಸುವುದಿಲ್ಲ. ಮೈಸೂರಿನ ಜಂಬೂಸವಾರಿಯನ್ನು ತಂದೆಯ ಹೆಗಲ ಮೇಲಿಂದ ನೋಡಿದ ಮಗುವಿನ ಭಾಗ್ಯವು ಸಣ್ಣದಲ್ಲ. ಆದರೆ ಹೋದೆಡೆಯಲ್ಲಿಯೂ ಒಬ್ಬೊಬ್ಬರು ಒಂದೊಂದು ಮೊಬೈಲಿಗೆ ಮುಖವಿಟ್ಟು ಕುಳಿತರೆ ಮನೆ ಬಿಟ್ಟು ಹೊರಟದ್ದರಿಂದ ಬಂದ ಲಾಭವೇನು?

ಹಬ್ಬದ ದಿನಗಳಲ್ಲಿಯೇ ಹೆಚ್ಚು ದುಡಿಯಬೇಕಾದವರನ್ನು ಮರೆತು ಈ ಮಾತನ್ನು ಆಡಿದರೆ ಅದು ಅನ್ಯಾಯವಾದೀತು. ದಸರೆಗೆಂದು ಓಡುವ ಹೆಚ್ಚುವರಿ ಬಸ್ಸುಗಳ ಚಾಲಕರು ಮತ್ತು ನಿರ್ವಾಹಕರು, ಬಂದೋಬಸ್ತಿನ ಪೊಲೀಸರು, ಆಸ್ಪತ್ರೆಯ ದಾದಿಯರು, ಆಯುಧಪೂಜೆಯ ಹೂವನ್ನೂ ಬೂದುಗುಂಬಳವನ್ನೂ ಬೀದಿಯಲ್ಲಿ ಮಾರುವವರು, ಇವರ ಮನೆಗಳಲ್ಲಿಯೂ ಮಕ್ಕಳಿದ್ದಾರೆ. ಆ ಮಕ್ಕಳೂ ಬೆಳೆಯುತ್ತಿದ್ದಾರೆ. ಹೀಗೆ ದುಡಿಯುವವರಿಗೆ ಹಬ್ಬದೊಳಗೆ ಒಂದು ಸಂಜೆಯನ್ನಾದರೂ, ಇಲ್ಲವೆ ಹಬ್ಬ ಕಳೆದೊಡನೆ ಎರಡು ದಿನಗಳನ್ನಾದರೂ ಸರದಿಯ ಮೇಲೆ ಬಿಡುವು ಮಾಡಿಕೊಡುವುದು ಅಧಿಕಾರಿಗಳಿಗೂ ಯಜಮಾನರಿಗೂ ಅಸಾಧ್ಯವೇನಲ್ಲ. ನೆರೆಯವರಾದ ನಾವು ಅಂತಹ ಮನೆಯ ಮಕ್ಕಳನ್ನು ಆರತಿಯ ಹೊತ್ತಿಗೆ ಕರೆದು, ನಮ್ಮ ಮಕ್ಕಳ ಜೊತೆಯಲ್ಲಿಯೇ ಕುಳ್ಳಿರಿಸಿಕೊಳ್ಳೋಣ. ಗೊಂಬೆ ಕೂರಿಸುವ ರೂಢಿಯಿಲ್ಲದ ಮನೆಗಳೂ, ಬೇರೆ ಧರ್ಮವನ್ನು ಅನುಸರಿಸುವ ಮನೆಗಳೂ ನಾಡಿನಲ್ಲಿ ಅಸಂಖ್ಯವಾಗಿವೆ. ಅವರಿಗೂ ಈ ರಜೆ ದೊರೆಯುತ್ತದೆ, ತಮ್ಮದೇ ಆದ ಊಟ, ಆಟ, ಕಥೆಗಳು ಅವರಲ್ಲಿಯೂ ಉಂಟು.

ಆದಕಾರಣ, ಉದ್ಯೋಗದಲ್ಲಿರುವ ತಾಯಿತಂದೆಗಳೇ, ಸಾಧ್ಯವಿರುವವರೆಲ್ಲರೂ ಮಹಾಲಯ ಅಮಾವಾಸ್ಯೆಗೆ ಮೊದಲೇ ನಿಮ್ಮ ಕಚೇರಿಯಲ್ಲಿ ರಜೆಯ ಅರ್ಜಿಯನ್ನು ಕೊಟ್ಟುಬಿಡಿರಿ. ಎಲ್ಲ ದಿನಗಳೂ ದೊರೆಯದಿದ್ದರೆ ಎರಡನ್ನು ಕೇಳಿರಿ. ದೊರೆತ ಎರಡು ದಿನಗಳಲ್ಲಿ ಬೇರೆ ಯಾವ ಕೆಲಸವನ್ನೂ ಇಟ್ಟುಕೊಳ್ಳಬೇಡಿರಿ.